ಯಾರ ಕಣ್ಣಿಗೂ ಬೀಳದ ಸುಂದರ ದಾರಿ

ಮಿನ್ಯಾ ಪಟ್ಟಣದ ಸುತ್ತ ನೈಲ್ ನದಿಯ ಎರಡೂ ದಡಗಳನ್ನು ಜಾಲಾಡಿ, ಸೈಕಲ್ ಸವಾರಿಗೆ ತಕ್ಕ ಅತಿ ಸುಂದರ ದಾರಿಯನ್ನು ಹುಡುಕಿ ನಾಡಿಗೆ ಅರ್ಪಿಸದಿದ್ದರೆ ನಾನು ವಗ್ದಿ ಶಲಬಿಯೇ ಅಲ್ಲ ಎಂದು ಒಂದು ಬೆಳಗ್ಗೆ ತಿಂಡಿಯ ಮೇಜಿನ ಮುಂದೆ ಶಪಥ ಮಾಡಿದೆ. ಬಾಯಿ ತುಂಬ ಫೂಲ್ ಇತ್ತು. ಬೆಂದ ಕಾಳಿನ ನಡುವೆ ನುಸುಳಿ ಬಂದ ಶಪಥ ಸ್ವಲ್ಪ ಮೆತ್ತಗೇ ಹೊರಬಿತ್ತು. ಆದರೇನು, ಶಪಥ ಶಪಥವೇ!

"ಏನಂದ್ರಿ? ನುಂಗಿ ಹೇಳಿ," ಎಂದಳು ನನ್ನ ಹೆಂಡತಿ ಇನ್ಶಿರಾಹ್.

ನುಂಗಿ ಹೇಳಿದೆ.

"ಅದಕ್ಕೆ ಹುಡುಕಾಟ ಯಾಕೆ? ನಮ್ಮ ಬೀದಿ ದಾಟಿದ್ರೆ ಕಾರ್ನಿಷ್. ಒಂದು ಪಕ್ಕ ಹೊಳೆ, ಒಂದು ಪಕ್ಕ ಮರ, ಆಚೆ ದಡದಲ್ಲಿ ಬೆಟ್ಟ. ಇನ್ನೇನು ಬೇಕು?"

"ಕಾರ್ನಿಷ್ ಸುಂದರ ಅಂತ ಯಾರು ಹೇಳಿದ್ದು?" ಎಂದೆ.

ಈ ಮಾತು ಕೇಳಿ ನೈಲ್ ನದಿಯೇ ಒಂದು ಗಳಿಗೆ ಹರಿಯುವುದನ್ನು ಮರೆತಿರಬೇಕು. ಮಿನ್ಯಾದವರು ಮಗುವಿಗೆ ಹೆಸರಿಡುವ ಮೊದಲೇ ಅದನ್ನು ಕಾರ್ನಿಷ್ ಮೇಲೆ ಒಂದು ಸುತ್ತು ಹೊತ್ತು ತಿರುಗುತ್ತಾರೆ. ನದಿದಂಡೆಯ ಆ ರಸ್ತೆಯನ್ನು ಹೀಗಳೆದವನು ಊರಲ್ಲಿ ನಾನೇ ಮೊದಲಿಗ!

ಮೊದಲಿನಿಂದಲೇ ಹೇಳುತ್ತೇನೆ. ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹತ್ತಿ ಗಿರಣಿಯಲ್ಲಿ ಮೂಟೆ ಹೊರುತ್ತ, ಬಿಡುವಿನಲ್ಲಿ ಮೂಟೆಯ ಮೇಲೆ ಕೂತು ಹಳೆಯ ಪತ್ರಿಕೆ ಓದುತ್ತ ಬರಹ ಕಲಿತವನು. ಅದಕ್ಕೇ ಇರಬೇಕು, ನನ್ನ ಬರಹವೂ ಮೂಟೆಯ ಹಾಗೆ. ಎತ್ತಿ ಯಾರ ಮೇಲಾದರೂ ಎಸೆಯುವುದೇ ಅಭ್ಯಾಸ! ಊರಿನ ವಾರಪತ್ರಿಕೆಯಲ್ಲಿ ನನ್ನದೊಂದು ಅಂಕಣವಿದೆ. ಗುಂಡಿ ಮುಚ್ಚದ ಅಧಿಕಾರಿ, ಕಾಲುವೆಗೆ ಕಸ ಸುರಿಯುವ ಸಾಹುಕಾರ, ಯಾರನ್ನೂ ಬಿಟ್ಟಿಲ್ಲ. ಹೋದ ವರ್ಷ, ತಿನ್ನಲು ಗತಿಯಿಲ್ಲದವರೂ ಗೋರಿಗಳ ಮುಂದೆ ಬುಟ್ಟಿಗಟ್ಟಲೆ ರೊಟ್ಟಿ ಹಂಚುತ್ತಾರಲ್ಲ, ಇದೆಂಥ ಹುಚ್ಚು ಎಂದು ಬರೆದೆ. ಅಂದಿನಿಂದ ನನ್ನ ಸೋದರತ್ತೆ ತಫೀದಾ ನನ್ನೊಡನೆ ಮಾತು ಬಿಟ್ಟಳು. ಅವಳ ಮನೆಯ ಬಾತುಕೋಳಿ ಊಟವೂ ತಪ್ಪಿತು. ಸತ್ಯ ಬಹಳ ದುಬಾರಿ ಸ್ವಾಮಿ!

ಈ ಚಳಿಗಾಲದಲ್ಲಿ ಬರೆದದ್ದು ಹೆಂಗಸರ ಸೈಕಲ್ ಬಗ್ಗೆ. "ನಮ್ಮೂರಲ್ಲಿ ಹೆಂಗಸು ಕತ್ತೆಯ ಮೇಲೆ ಕೂತು ಹೋದರೆ ಯಾರೂ ತಲೆ ಎತ್ತುವುದಿಲ್ಲ. ಟುಕ್‌ಟುಕ್ ಗಾಡಿಯೊಳಗೆ ಆರು ಮಂದಿಯನ್ನು ಉಪ್ಪಿನಕಾಯಿ ಜಾಡಿಗೆ ತುಂಬಿದಂತೆ ತುಂಬಿದರೂ ಯಾರಿಗೂ ಮುಜುಗರವಿಲ್ಲ. ಅದೇ ಹೆಂಗಸು ತನ್ನ ಕಾಲಿನಿಂದ ತಾನೇ ಪೆಡಲ್ ತುಳಿದರೆ ಮಾತ್ರ ಊರಿನ ಮಾನ ಹೊಳೆಪಾಲು! ಕತ್ತೆ ನಡೆದರೆ ಸಂಪ್ರದಾಯ, ಹೆಂಗಸು ತುಳಿದರೆ ಅನಾಚಾರವೇ? ಹೆಂಡತಿಯನ್ನು ಸೈಕಲ್ ಮೇಲೆ ನೋಡಲು ನಾಚುವ ಗಂಡಸು ಮೊದಲು ತನ್ನ ಮೀಸೆಯನ್ನು ಮಡಿಸಿ ಕಿಸೆಯಲ್ಲಿಟ್ಟುಕೊಳ್ಳಲಿ!" ಹೀಗಿತ್ತು ಆ ಗುಡುಗು. ಒಂದೊಂದು ಅಕ್ಷರವನ್ನೂ ನಾನು ನಂಬಿ ಬರೆದಿದ್ದೆ. ಈಗಲೂ ನಂಬುತ್ತೇನೆ. ತಾಪತ್ರಯವೇ ಅದು!

ಇನ್ಶಿರಾಹ್ ಅದನ್ನು ಗಟ್ಟಿಯಾಗಿ ಓದಿದಳು. ಪ್ರಾಥಮಿಕ ಶಾಲೆಯ ಲೆಕ್ಕದ ಮೇಡಂ ಅವಳು. ಎಲ್ಲವನ್ನೂ ಗಟ್ಟಿಯಾಗಿಯೇ ಓದುತ್ತಾಳೆ. ಓದಿ ಮುಗಿಸಿ ಕಣ್ಣೊರೆಸಿಕೊಂಡಳು.

"ಬಹಳ ಚೆನ್ನಾಗಿದೆ ರೀ. ಬನ್ನಿ, ಒಂದು ತೋರಿಸ್ತೀನಿ."

ಬಾಲ್ಕನಿಯಲ್ಲಿ, ಒಣಗಲು ಹಾಕಿದ ಬಟ್ಟೆಗಳ ಹಿಂದೆ, ಒಂದು ನೀಲಿ ಸೈಕಲ್ ನಿಂತಿತ್ತು. ಮುಂದೊಂದು ಬುಟ್ಟಿ, ಹಿಡಿಕೆಯಲ್ಲೊಂದು ಗಂಟೆ.

"ಲಬೀಬ್‌ನ ಸೈಕಲ್ ಅಂಗಡೀಲಿ ತಗೊಂಡೆ. ಹಳೇದು, ಆದ್ರೆ ಗಟ್ಟಿ. ಶಾಲೆಯ ಹಿತ್ತಲಲ್ಲಿ ದಿನಾ ಸಂಜೆ ಅಭ್ಯಾಸ ಮಾಡಿದ್ದೀನಿ. ಚಿಕ್ಕವಳಿದ್ದಾಗ ಹೊಡೀತಿದ್ದೆ, ಗೊತ್ತಲ್ಲ? ಜಡೆ ಭುಜಕ್ಕೆ ತಾಗಿದ ದಿನವೇ ಅಪ್ಪ ಸೈಕಲ್ ಕಿತ್ತು ತಮ್ಮನಿಗೆ ಕೊಟ್ಟ. ಆ ತಮ್ಮನಿಗೆ ಇವತ್ತಿಗೂ ಸೈಕಲ್ ಹೊಡಿಯೋಕೆ ಬರಲ್ಲ!" ಅವಳು ಗಂಟೆಯನ್ನೊಮ್ಮೆ ಬಾರಿಸಿದಳು. "ನನಗಿರೋದು ಒಂದೇ ಆಸೆ. ಹಗಲು ಹೊತ್ತಲ್ಲಿ, ಕಾರ್ನಿಷ್ ಮೇಲೆ, ಈ ತುದಿಯಿಂದ ಆ ತುದಿಗೆ. ಎಲ್ಲರೂ ನೋಡಲಿ."

ಎಲ್ಲರೂ ನೋಡಲಿ! ಕಾರ್ನಿಷ್ ನಡುಮಧ್ಯದಲ್ಲೇ ನಮ್ಮ ಗೆಳೆಯರ ಚಹಾದಂಗಡಿ. ಅಲ್ಲಿ ಹುಕ್ಕಾ ಎಳೆಯುತ್ತ ಕೂತವರು ಹಾದುಹೋಗುವ ಬೆಕ್ಕಿನ ನಡತೆಯನ್ನೂ ವಿಚಾರಣೆ ಮಾಡದೆ ಬಿಡುವವರಲ್ಲ. ಅವರ ಬಾಯಿಗೆ ನಾನು ಹೆದರುತ್ತೇನೆಯೇ? ಛೆ, ಖಂಡಿತ ಇಲ್ಲ! ಆದರೆ ದಾರಿಯ ಸೌಂದರ್ಯ ಮುಖ್ಯವಲ್ಲವೇ? ಹೀಗೆ ಹುಟ್ಟಿದ್ದು ಆ ಶಪಥ.

ಮೇಜಿನ ಮೇಲೆ ಊರಿನ ನಕ್ಷೆ ಹರಡಿದೆ. ಪಕ್ಕದಲ್ಲಿ ಖರ್ಜೂರದ ಬೀಜಗಳ ತಟ್ಟೆ. ಪರಿಚಯದವರ ಮನೆ ಇದ್ದಲ್ಲೆಲ್ಲ ಒಂದೊಂದು ಬೀಜ ಇಟ್ಟೆ. ನೋಡನೋಡುತ್ತ ಮಿನ್ಯಾ ಪಟ್ಟಣಕ್ಕೆ ಸಿಡುಬು ಎದ್ದಂತಾಯಿತು!

"ಏನಿವು?"

"ಗುಂಡಿಗಳು. ರಸ್ತೆ ಗುಂಡಿಗಳು."

"ಕಾಲುವೆ ದಾರಿ ಆಗಲ್ವಾ? ಎರಡೂ ಕಡೆ ನೀಲಗಿರಿ ಮರ, ಬಾತುಕೋಳಿ, ಎಮ್ಮೆ..."

"ಸೊಳ್ಳೆ! ಮತ್ತೆ ಇಲ್ನೋಡು, ಎಷ್ಟು ದೊಡ್ಡ ಗುಂಡಿ."

"ಈ ಗುಂಡಿ ನಿಮ್ಮ ಭಾವನ ಔಷಧಿ ಅಂಗಡಿ ಬಾಗಿಲಿಗೇ ಬಿದ್ದಿದೆಯಲ್ಲ?"

"ಕಾಕತಾಳೀಯ."

"ಬಡಗಣ ಕಬ್ಬಿನ ಗದ್ದೆ ದಾರಿ?"

"ಕಬ್ಬು ಈಗ ಕಟಾವು. ಬೋಳು ಗದ್ದೆಯಲ್ಲಿ ಏನು ಸೊಬಗು? ಮೇಲಾಗಿ ಇಲ್ಲೊಂದು ಗುಂಡಿ."

"ಅದು ನಿಮ್ಮ ಸಂಪಾದಕರ ತೋಟ. ಗುಂಡಿಗಳಿಗೂ ನಿಮ್ಮ ಪರಿಚಯಸ್ಥರಿಗೂ ಏನೋ ನಂಟಿದೆ, ಉಸ್ತಾಜರೇ!"

ಮನೆಯಲ್ಲಿ ಅವಳು ನನ್ನನ್ನು "ಉಸ್ತಾಜರೇ" ಎಂದು ಮರ್ಯಾದೆಯಿಂದ ಕರೆದಳೆಂದರೆ ಮರುಭೂಮಿಯ ಕಡೆಯಿಂದ ಧೂಳಿನ ಗಾಳಿ ಎದ್ದಿತೆಂದೇ ಲೆಕ್ಕ. ನಾನು ನಕ್ಷೆಗೆ ಮುಖ ಹುದುಗಿಸಿದೆ. ಆಗ ಕಂಡಿತು ನೋಡಿ! ಹೊಳೆಯ ಆಚೆ, ಮೂಡಣ ದಡದಲ್ಲಿ, ಸುಣ್ಣಕಲ್ಲಿನ ಬೆಟ್ಟದ ಬುಡಕ್ಕೇ ಒತ್ತಿಕೊಂಡು ಸಾಗುವ ದಾರಿ. ಒಂದು ಬೀಜವೂ ಇಲ್ಲ! ಕೊನೆಗೆ ಸಿಗುವುದು ಜಾವಿಯಾ, ಅಂದರೆ ಊರಿನ ಸ್ಮಶಾನ. ಬಟ್ಟಲುಗಳನ್ನು ಬೋರಲು ಹಾಕಿದಂತೆ ಕಣ್ಣು ಹಾಯುವವರೆಗೂ ಗೋರಿಗಳ ಗುಮ್ಮಟ. ಅಲ್ಲಿ ನನಗೆ ಪರಿಚಯದವರು ಬೇಕಾದಷ್ಟಿದ್ದಾರೆ, ನಿಜ. ಆದರೆ ಎಲ್ಲರೂ ಮಣ್ಣಿನಡಿ. ಅವರಲ್ಲಿ ಯಾರೂ ಚಹಾದಂಗಡಿಗೆ ಬಂದು ಚಾಡಿ ಹೇಳುವುದಿಲ್ಲ!

"ಇದೇ! ಮೌನ, ಗಾಂಭೀರ್ಯ, ಇತಿಹಾಸ! ಶುಕ್ರವಾರ ಬೆಳಗ್ಗೆ ಹೊರಡೋಣ."

ಇನ್ಶಿರಾಹ್ ನನ್ನನ್ನು ವಿಚಿತ್ರವಾಗಿ ನೋಡಿದಳು. "ಈ ಶುಕ್ರವಾರವಾ? ಜಾವಿಯಾಗಾ? ನಿಜವಾಗ್ಲೂ?"

"ನಿಜವಾಗ್ಲೂ. ಈ ದಾರೀಲಿ ಒಂದು ಸಲ ಸರಿಯಾಗಿ ಹೋಗಿಬಂದರೆ, ಆಮೇಲೆ ನಿನ್ನ ಕಾರ್ನಿಷ್. ಮಾತು ಕೊಟ್ಟೆ."

"ಇದು ಅಂಕಣದ ಮಾತೋ, ಮನೆ ಮಾತೋ?" ಎಂದಳು. ಆದರೆ ಅವಳ ಮುಖ ಅರಳಿತ್ತು. ಯಾಕೆಂದು ನನಗೆ ಹೊಳೆಯಲಿಲ್ಲ. ಬುದ್ಧಿವಂತರಿಗೆ ಹೊಳೆಯುವುದು ನಿಧಾನ.

ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ಎಬ್ಬಿಸಿದೆ. ಸೇತುವೆಯ ಮೇಲೆ ಹೋದರೆ ಯಾರಾದರೂ ನೋಡಿಯಾರು, ಅಂದರೆ, ಸೇತುವೆಯ ಮೇಲೆ ಗಾಳಿ ಜಾಸ್ತಿ ಎಂದು ಊರ ತೆಂಕಣ ಕಡವಿನಿಂದ ದೋಣಿ ಗೊತ್ತುಮಾಡಿ, ಗಿರಣಿಯ ಕಾಲದ ನನ್ನ ಹಳೆಯ ಸೈಕಲ್ಲನ್ನೂ ಹೊರಗೆಳೆದಿದ್ದೆ. ಇನ್ಶಿರಾಹ್ ಉದ್ದ ಕೋಟು, ಅಗಲ ಷರಾಯಿ, ತಲೆಗೆ ಕಂದು ವಸ್ತ್ರ, ಕೈಗೆ ಉಣ್ಣೆಯ ಗವಸು ಹಾಕಿ ಸೇನಾಪತಿಯಂತೆ ನಿಂತಿದ್ದಳು. ಸೈಕಲ್ಲಿನ ಬುಟ್ಟಿ ತುಂಬಿ, ಮೇಲೊಂದು ಬಿಳಿ ಬಟ್ಟೆ ಮುಚ್ಚಿತ್ತು.

"ಏನಿದು?"

"ತಿನ್ನೋಕೆ."

"ಇಷ್ಟೊಂದಾ?"

"ದಾರೀಲಿ ಯಾರಾದ್ರೂ ಸಿಕ್ತಾರೆ."

"ಯಾರೂ ಸಿಗಲ್ಲ! ಅದಕ್ಕೇ ತಾನೇ ಈ ದಾರಿ..." ನಾಲಿಗೆ ಕಚ್ಚಿಕೊಂಡೆ. "ಪ್ರಶಾಂತವಾಗಿದೆ ಅಂತ ಅಂದೆ."

ಮಂಜು ಕವಿದ ಹೊಳೆಯಲ್ಲಿ ನಮ್ಮನ್ನು ದಾಟಿಸಿದ ಅಂಬಿಗ ಇಳಿಯುವಾಗ ಹೇಳಿದ: "ದೇವರು ನಿಮ್ಮ ಸತ್ತವರಿಗೆ ಕರುಣೆ ತೋರಲಿ."

ಎಂಥ ಸಂಸ್ಕಾರವಂತ! "ನಿಮ್ಮವರಿಗೂ," ಎಂದೆ. ಸುಮ್ಮನೆ ಯಾರೂ ಬೆಳಗ್ಗೆ ಬೆಳಗ್ಗೆ ಹಾಗೆ ಹೇಳುವುದಿಲ್ಲ ಎಂಬುದು ಆಗ ತಲೆಗೇ ಬರಲಿಲ್ಲ.

"ನೀನು ಮುಂದೆ ನಡಿ," ಎಂದೆ ಇನ್ಶಿರಾಹ್‌ಗೆ. "ನಾನು ಸ್ವಲ್ಪ ಹಿಂದೆ ಇರ್ತೀನಿ. ಸುರಕ್ಷತೆಗೆ."

"ಎಷ್ಟು ಹಿಂದೆ?"

"ಸುರಕ್ಷಿತವಾಗಿರೋವಷ್ಟು."

ಆ ಸುರಕ್ಷತೆ ಯಾರದ್ದೆಂದು ಅವಳು ಕೇಳಲಿಲ್ಲ. ಪೆಡಲ್ ತುಳಿದಳು, ಹೋದಳು. ಸ್ವಾಮಿ, ಏನು ಹೋಗುವುದು ಅದು! ಬೆಟ್ಟದ ಹಿಂದಿನಿಂದ ಬಿಸಿಲು ಇಳಿಯುತ್ತಿತ್ತು, ಎಡಕ್ಕೆ ಬಂಡೆ ಹಾಲಿನ ಕೆನೆಯಂತೆ, ಬಲಕ್ಕೆ ಹಸಿರು ಮೇವಿನ ಗದ್ದೆ, ಅದರಾಚೆ ಮಂಜಿನಲ್ಲಿ ತೇಲುವ ಹಾಯಿ. ದಾರಿ ನಿಜಕ್ಕೂ ಸುಂದರವಾಗಿತ್ತು! ಕಳ್ಳ ಮನಸ್ಸಿನಿಂದ ಆರಿಸಿದರೂ ಸುಂದರವಾಗಿರುವಷ್ಟು ದೊಡ್ಡಮನಸ್ಸು ಆ ದಾರಿಯದು. ಅವಳು ತಿರುವಿನಲ್ಲಿ ಗಂಟೆ ಬಾರಿಸುತ್ತಿದ್ದಳು, ಎದುರಿಗೆ ಯಾರೂ ಇಲ್ಲದಿದ್ದರೂ. ನಾನು ಹೊಟ್ಟೆಯನ್ನೂ ಸೈಕಲ್ಲನ್ನೂ ಒಟ್ಟಿಗೆ ತಳ್ಳುತ್ತ ಏದುಸಿರು ಬಿಡುತ್ತಿದ್ದೆ.

ಕಲ್ಲು ಗಣಿಯ ಹತ್ತಿರ ಲಾರಿ ಚಾಲಕರು ಚಹಾ ಕುಡಿಯುತ್ತಿದ್ದರು. ಸುಣ್ಣದ ಧೂಳಿಗೆ ಎಲ್ಲರ ಹುಬ್ಬೂ ಬೆಳ್ಳಗೆ.

"ಅಣ್ಣಾ, ನಿಲ್ಲು!" ಒಬ್ಬ ಕೂಗಿದ. "ಮುಂದೊಂದು ಹೆಂಗಸು ಸೈಕಲ್ ಮೇಲೆ ಹೋದ್ಲು. ನಿನ್ನ ಜೊತೆಯವಳಾ?"

"ಯಾವ ಹೆಂಗಸು?" ಎಂದೆ.

"ಅಯ್ಯೋ, ಈಗ ತಾನೇ ಹೋದ್ಲಪ್ಪ, ಗಂಟೆ ಹೊಡೀತಾ! ನಿನ್ನ ಕಣ್ಣೆದುರಿಗೇ!"

"ನನಗೆ ದೂರದ್ದು ಸರಿಯಾಗಿ ಕಾಣಲ್ಲ," ಎಂದು ಹೇಳಿ ಜಾರಿಕೊಂಡೆ. ಹೆಂಡತಿಯ ಬಗ್ಗೆ ಆಡಿದ ಮೊದಲ ಸುಳ್ಳನ್ನು ಕಣ್ಣಿನ ತಲೆಗೆ ಕಟ್ಟಿದೆ. ಆತ್ಮಸಾಕ್ಷಿ ಬೆನ್ನ ಹಿಂದೆ ಕೂತು ಚುಚ್ಚಿತು. "ಸುಮ್ನಿರು, ಬರೀ ಲಾರಿಯವರು, ಇವರೇನು ನನ್ನ ಅಂಕಣ ಓದ್ತಾರಾ?" ಎಂದು ಅದನ್ನು ಗದರಿಸಿದೆ. ಬಡವರ ಪರ ಬರೆಯುವ ಮಹಾನುಭಾವ ಬಡವರ ಬಗ್ಗೆ ಮನಸ್ಸಿನಲ್ಲಿ ಆಡಿದ ಮಾತಿದು! ಬರೆದಿಟ್ಟುಕೊಳ್ಳಿ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಒಂದು ಪಿಕಪ್ ಬಂದು ಪಕ್ಕದಲ್ಲೇ ನಿಧಾನಿಸಿತು. ಹಿಂದುಗಡೆ ಕಪ್ಪು ಬಟ್ಟೆಯ ಹೆಂಗಸರು ಬುಟ್ಟಿಗಳ ಸಮೇತ ಒತ್ತೊತ್ತಾಗಿ ಕೂತಿದ್ದರು. ಚಾಲಕನ ಪಕ್ಕದಿಂದ ಒಬ್ಬ ಮುದುಕ ತಲೆ ಹೊರಹಾಕಿದ.

"ಓಹೋ, ಉಸ್ತಾಜ್ ವಗ್ದಿ ಶಲಬಿ ಅಲ್ವಾ? ಪತ್ರಿಕೇಲಿ ಫೋಟೋ ನೋಡಿದ್ದೀನಿ! ನಾನು ಹಸನೈನ್, ಅಂಚೆ ಕಚೇರೀಲಿದ್ದೆ, ಈಗ ನಿವೃತ್ತ. ನಿಮ್ಮ ಸೈಕಲ್ ಬರಹ ನಮ್ಮನೇಲಿ ಎಲ್ಲರಿಗೂ ಓದಿ ಹೇಳ್ದೆ! ಮುಂದೆ ನೋಡಿ, ನಿಮ್ಮ ಮಾತು ಕೇಳಿ ಒಬ್ಬ ತಾಯಿ ಸೈಕಲ್ ಹತ್ತೇಬಿಟ್ಟಿದ್ದಾಳೆ!"

"ಹೌದಾ? ಎಲ್ಲಿ?"

"ಅಗೋ! ಅವಳನ್ನ ಕಳಿಸಿದ ಗಂಡ ಇದ್ದಾನಲ್ಲ, ಅವನು ಗಂಡಸು ಅಂದ್ರೆ! ಸಿಕ್ಕಿದ್ರೆ ಹಣೆಗೆ ಮುತ್ತು ಕೊಡ್ತೀನಿ. ಯಾರೂಂತ ನಿಮಗೇನಾದ್ರೂ ಗೊತ್ತಾ?"

ಕೇಳಿದಿರಾ! ಇಪ್ಪತ್ತು ವರ್ಷ ಬರೆದರೂ ಯಾರೂ ನನ್ನನ್ನು ಹೀಗೆ ಹೊಗಳಿರಲಿಲ್ಲ. ಹಣೆ ಇಲ್ಲೇ ಇತ್ತು, ಮುತ್ತು ಅಲ್ಲೇ ಇತ್ತು, ನಡುವೆ ಇದ್ದದ್ದು ಒಂದೇ ಮಾತು. ಆದರೆ ಹಿಂದೆ ಕೂತ ಬುಟ್ಟಿಯ ಹೆಂಗಸರು ಹನ್ನೆರಡು ಕಣ್ಣುಗಳಿಂದ ನನ್ನನ್ನು ಅಳೆಯುತ್ತಿದ್ದರು.

"ಗೊತ್ತಿಲ್ಲ," ಎಂದೆ. "ಯಾರೋ ಏನೋ."

ನನಗೆ ಸಿಗಬೇಕಾದ ಮುತ್ತನ್ನು ನಾನೇ ಹೊಳೆಗೆ ಎಸೆದುಬಿಟ್ಟೆ!

"ಇರಲಿ. ನೀವೂ ಜಾವಿಯಾಗೇ ತಾನೇ? ಅಲ್ಲೇ ಸಿಗೋಣ."

"ಇಷ್ಟು ಜನ ಯಾಕೆ ಹೊರಟಿದ್ದೀರಿ?"

ಮುದುಕ ಬೆರಗಾದ. "ಯಾಕೆ ಅಂದ್ರೆ? ಇವತ್ತು ರಜಬ್ ತಿಂಗಳ ಮೊದಲ ಶುಕ್ರವಾರ ಅಲ್ವಾ, ಉಸ್ತಾಜರೇ!"

ನನ್ನ ಕಾಲು ಪೆಡಲಿನ ಮೇಲೆಯೇ ನಿಂತುಹೋಯಿತು.

ರಜಬ್‌ನ ಮೊದಲ ಶುಕ್ರವಾರ! ಅಂದು ಮಿನ್ಯಾದಲ್ಲಿ ಕಾಲು ಇರುವವರೆಲ್ಲ ಹೊಳೆ ದಾಟಿ ತಮ್ಮ ಸತ್ತವರನ್ನು ಕಾಣಲು ಜಾವಿಯಾಕ್ಕೆ ಬರುತ್ತಾರೆ. ಕಾಲು ಇಲ್ಲದವರನ್ನು ಹೊತ್ತು ತರುತ್ತಾರೆ. ಶುರೈಕ್ ರೊಟ್ಟಿ, ಕಿತ್ತಳೆ, ಖರ್ಜೂರ ಹಂಚಿ, ಗೋರಿಗಳ ನಡುವೆಯೇ ಚಾಪೆ ಹಾಸಿ ಚಹಾ ಕಾಯಿಸಿ, ಒಂದು ವರ್ಷದ ಸುದ್ದಿಯನ್ನೆಲ್ಲ ಸತ್ತವರಿಗೂ ಇದ್ದವರಿಗೂ ಒಪ್ಪಿಸುತ್ತಾರೆ. ರೊಟ್ಟಿಯ ಬಗ್ಗೆ ಬರೆದ ಮೇಲೆ ನನಗೆ ಯಾರೂ ಹೇಳಿ ಕಳಿಸಿರಲಿಲ್ಲ. ನಾನು ಪತ್ರಿಕೆಯ ತಾರೀಖು ನೋಡಿ ಬದುಕುವವನು. ಚಂದ್ರನ ಲೆಕ್ಕ ತಪ್ಪಿಹೋಗಿತ್ತು. ಊರಿಗೆ ಊರೇ ನೆರೆಯುವ ಒಂದು ಜಾಗವನ್ನು, ನೆರೆಯುವ ಅದೇ ದಿನ ನೋಡಿ, "ಯಾರೂ ಇರುವುದಿಲ್ಲ" ಎಂದು ಆರಿಸಿದ್ದೆ! ನಕ್ಷೆಯ ಮೇಲಿನ ಖರ್ಜೂರದ ಬೀಜಗಳೆಲ್ಲ ಬುಟ್ಟಿ ಹಿಡಿದು, ಕಾಲು ಮೂಡಿ, ನನಗಿಂತ ಮೊದಲೇ ಅಲ್ಲಿಗೆ ಹೊರಟಿದ್ದವು.

"ಇನ್ಶಿರಾಹ್!" ಎಂದು ಕೂಗಿದೆ. ಎಲ್ಲಿಯ ಇನ್ಶಿರಾಹ್! ಸುರಕ್ಷಿತ ಅಂತರ ಕಾಪಾಡಿಕೊಂಡು ಬಂದವನು ನಾನೇ ತಾನೇ? ಅವಳು ತಿರುವು ದಾಟಿ ಮಾಯವಾಗಿದ್ದಳು.

ಜಾವಿಯಾ ತಲುಪಿದಾಗ ನನ್ನ ಅಂಗಿ ಚಳಿಯಲ್ಲೂ ತೊಯ್ದಿತ್ತು. ಗುಮ್ಮಟಗಳ ನಡುವೆ ಜನ, ಹೊಗೆ, ಕುರಾನ್ ಓದುವವರ ಸ್ವರ, ಮಕ್ಕಳ ಗಲಾಟೆ. ಹತ್ತು ಹೆಜ್ಜೆಗೊಬ್ಬರು ಕೈ ತಡೆದು "ಸತ್ತವರ ಹೆಸರಲ್ಲಿ, ಬೇಡ ಅನ್ನಬಾರದು" ಎಂದು ರೊಟ್ಟಿ ತುರುಕಿದರು. ಬೇಡ ಅನ್ನುವಂತೆಯೇ ಇಲ್ಲ, ಸತ್ತವರಿಗೆ ನೋವಾಗುತ್ತದೆ. ರೊಟ್ಟಿ ಹಂಚುವುದನ್ನು ಖಂಡಿಸಿ ಬರೆದ ಮನುಷ್ಯ ಕಂಕುಳಲ್ಲಿ, ಕಿಸೆಯಲ್ಲಿ, ಟೋಪಿಯಲ್ಲಿ ರೊಟ್ಟಿ ತುಂಬಿಕೊಂಡು ಬೇಕರಿಯ ಗಾಡಿಯಂತೆ ನಡೆದ!

ನಮ್ಮ ಮನೆತನದ ಗೋರಿಯಂಗಳದಲ್ಲಿ, ಅಪ್ಪ ಅಮ್ಮ ಮಲಗಿರುವ ಗುಮ್ಮಟಕ್ಕೆ ಒರಗಿ, ಕಪ್ಪು ಬೆಟ್ಟದಂತೆ ಕೂತಿದ್ದಳು ತಫೀದಾ ಅತ್ತೆ. ಅಂಗಳ ತುಂಬ ನಮ್ಮವರು. ನನ್ನನ್ನು ಕಂಡದ್ದೇ ಎಲ್ಲರೂ ಅತ್ತೆಯ ಕಡೆ ತಿರುಗಿದರು.

"ಬಂದ್ಯಾ, ಬರಹಗಾರ?" ಎಂದಳು ಅತ್ತೆ. ಒಂದು ವರ್ಷದ ನಂತರದ ಮೊದಲ ಮಾತು! "ಬಾ, ಕೂತ್ಕೋ. ತಿನ್ನು. ನಿನ್ನ ಅಮ್ಮನ ಹೆಸರಿನ ರೊಟ್ಟಿ."

ಕೂತೆ. ಬಾಯಿಗೆ ಒಂದು ತುಂಡು ಇಟ್ಟೆ. ಎಳ್ಳು, ತುಪ್ಪ, ಸೋಂಪು. ಅಮ್ಮ ಮಾಡುತ್ತಿದ್ದ ರುಚಿಯೇ.

"ವಗ್ದಿ," ಅತ್ತೆ ಕಣ್ಣು ಕಿರಿದು ಮಾಡಿದಳು, "ಯಾವಳೋ ಒಬ್ಬಳು ಇವತ್ತು ಸೈಕಲ್ ಹೊಡ್ಕೊಂಡು ಜಾವಿಯಾಗೆ ಬಂದ್ಲಂತೆ. ಎಲ್ಲರ ಬಾಯಲ್ಲೂ ಅದೇ. ನೀನೂ ಅದೇ ದಾರೀಲಿ ಬಂದೆ. ನೋಡಿದ್ಯಾ? ಯಾರವಳು, ಗೊತ್ತಾ?"

ಸುತ್ತ ಔಷಧಿ ಅಂಗಡಿಯ ಭಾವ, ಅಕ್ಕ, ಚಿಕ್ಕಪ್ಪನ ಮಕ್ಕಳು. ಎಲ್ಲರ ದೃಷ್ಟಿ ನನ್ನ ಬಾಯಿಯ ಮೇಲೆ. ಬಾಯಿ ತುಂಬ ರೊಟ್ಟಿ. ಈ ಬಾಯಿ ತುಂಬಿದಾಗಲೆಲ್ಲ ನನಗೆ ಗ್ರಹಚಾರ!

"ಇಲ್ಲ ಅತ್ತೆ," ಎಂದೆ. "ನೋಡೇ ಇಲ್ಲ."

ಗುಮ್ಮಟದ ಹಿಂದಿನಿಂದ ಚಹಾದ ಕೆಟಲ್ ಹಿಡಿದು ಇನ್ಶಿರಾಹ್ ಬಂದಳು. ಲೋಟಕ್ಕೆ ಚಹಾ ಬಗ್ಗಿಸಿ ನನ್ನ ಮುಂದೆ ಹಿಡಿದಳು.

"ಸಕ್ಕರೆ ಎಷ್ಟು ಹಾಕಲಿ, ಉಸ್ತಾಜರೇ? ಪರಿಚಯ ಇಲ್ಲ ನೋಡಿ, ಅದಕ್ಕೇ ಕೇಳ್ದೆ."

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಸತ್ತವರೇ ನಕ್ಕರೋ ಏನೋ! ಭೂಮಿ ಬಾಯಿ ತೆರೆದು ನುಂಗಬಾರದೇ ಎಂದುಕೊಂಡೆ. ಅದಕ್ಕೆ ಸ್ಮಶಾನಕ್ಕಿಂತ ಅನುಕೂಲವಾದ ಜಾಗ ಇನ್ನೊಂದಿರಲಿಲ್ಲ. ಆದರೂ ತೆರೆಯಲಿಲ್ಲ.

"ಇವಳು ಬಂದು ಏನಂದ್ಲು ಗೊತ್ತಾ?" ಅತ್ತೆ ಇನ್ಶಿರಾಹ್ ಕಡೆ ಬೆರಳು ತೋರಿಸಿದಳು. "'ನನ್ನ ಗಂಡ ತಾನೇ ದಾರಿ ಹುಡುಕಿ, ರಜಬ್ ಶುಕ್ರವಾರ ನೋಡಿ, ಅಮ್ಮನ ಹತ್ರ ಕರ್ಕೊಂಡು ಬಂದ. ನಿಮ್ಮ ಕೋಪ ಆರಲಿ ಅಂತ ಬಂದ. ಇನ್ನೇನು ಬರ್ತಾನೆ' ಅಂದ್ಲು. ರಾತ್ರಿಯೆಲ್ಲ ಕೂತು ನಿನ್ನ ಅಮ್ಮನ ಹೆಸರಲ್ಲಿ ರೊಟ್ಟಿ ಸುಟ್ಟಿದ್ದಾಳೆ. ನೀನು ತಿಂತ ಇದ್ದೀಯಲ್ಲ, ಅದೇ. ನಾನು ಕರಗಿಹೋಗಿದ್ದೆ ಕಣೋ! ಹೆಂಗಸು ಸೈಕಲ್ ಹೊಡಿಯೋದು ನನಗೆ ಸುತಾರಾಂ ಹಿಡಿಸಲ್ಲ, ಅದನ್ನ ಆಮೇಲೆ ಬೈತೀನಿ. ಆದ್ರೆ ಕಟ್ಕೊಂಡ ಹೆಂಡತೀನ ಗೊತ್ತಿಲ್ಲ ಅನ್ನೋ ಗಂಡಸು? ನಿನ್ನ ಅಪ್ಪ ಇಲ್ಲೇ ಮಲಗಿದ್ದಾನೆ. ಹೇಳು, ಅವನಿಗೆ ಹೇಳು!"

ಊರಿನ ಗಂಡಸರ ಮೀಸೆಗಳನ್ನೆಲ್ಲ ಮಡಿಸಿ ಕಿಸೆಯಲ್ಲಿಡಲು ಹೇಳಿದವನ ಕಿಸೆಯಲ್ಲಿ ಈಗ ಜಾಗವೇ ಇರಲಿಲ್ಲ, ಬರೀ ರೊಟ್ಟಿ.

"ನಿನಗೆ ಗೊತ್ತಿತ್ತಾ," ಎಂದು ಇನ್ಶಿರಾಹ್‌ಗೆ ಮೆಲ್ಲಗೆ ಕೇಳಿದೆ, "ಇವತ್ತು ರಜಬ್ ಶುಕ್ರವಾರ ಅಂತ?"

"ಗೊತ್ತಿತ್ತು. ನಿಮಗೂ ಗೊತ್ತಿದೆ ಅಂದ್ಕೊಂಡೆ. ಎಲ್ಲರ ಮುಂದೆ ನನ್ನ ಕರ್ಕೊಂಡು ಹೋಗ್ತಾರಲ್ಲ, ಬರೆದ ಹಾಗೇ ನಡೀತಾರಲ್ಲ ಅಂತ ಎಷ್ಟು ಖುಷಿಪಟ್ಟೆ." ಕೆಟಲ್ ಕೆಳಗಿಟ್ಟಳು. "ಖರ್ಜೂರದ ಬೀಜದ ಲೆಕ್ಕ ಈಗ ಸರಿಹೋಯ್ತು."

ಬೈದಿದ್ದರೆ ಸಹಿಸುತ್ತಿದ್ದೆ. ಅವಳು ಬೈಯಲಿಲ್ಲ.

ವಾಪಸು ಹೊರಡುವಾಗ ನಾನು ಪಕ್ಕಕ್ಕೆ ಸೈಕಲ್ ತಂದೆ. "ಹಿಂದೇನೇ ಬನ್ನಿ," ಎಂದಳು. "ಸುರಕ್ಷತೆಗೆ." ಅವಳು ಹೊರಟ ರಭಸಕ್ಕೆ, ನಾನು ಬಯಸಿದರೂ ಬಯಸದಿದ್ದರೂ, ಅಂತರ ತಾನಾಗಿಯೇ ಸುರಕ್ಷಿತವಾಯಿತು. ಈ ಸಲ ಕಡವಿನ ಕಡೆ ತಿರುಗಲಿಲ್ಲ. ನೇರ ಸೇತುವೆಗೇ ಹೋದಳು.

ಸೇತುವೆಯ ತಪಾಸಣೆ ಚೌಕಿ ದಾಟಬೇಕು, ಅಷ್ಟರಲ್ಲಿ ಪೇದೆಯೊಬ್ಬ ನನ್ನ ಸೈಕಲ್ಲಿನ ಹಿಡಿಕೆ ಹಿಡಿದ.

"ಇಳಿ. ನೀನೇ ಇರಬೇಕು. ಗಣಿ ಲಾರಿಯವರು ಹೇಳಿ ಹೋದ್ರು. ಬೆಳಗ್ಗೆಯಿಂದ ಒಬ್ಬ ಹೆಂಗಸಿನ ಹಿಂದೆ ಬಿದ್ದಿದ್ದೀಯಂತೆ. ಕೇಳಿದ್ರೆ ಗೊತ್ತೇ ಇಲ್ಲ ಅಂದ್ಯಂತೆ. ಪಿಕಪ್ ಹಿಂದೆ ಕೂತಿದ್ದ ಹೆಂಗಸರೂ ಅದೇ ಅಂದ್ರು. ಗೊತ್ತಿಲ್ಲದ ಹೆಂಗಸಿನ ಹಿಂದೆ ನಿನಗೇನು ಕೆಲಸ?"

"ಅವಳು ನನ್ನ ಹೆಂಡತಿ!"

ದಿನವೆಲ್ಲ ಹೇಳದ ಮಾತು ಕೊನೆಗೂ ಬಾಯಿಂದ ಹೊರಬಿತ್ತು! ಕೇಳಿದವರು ಯಾರು? ಒಬ್ಬ ಪೇದೆ, ಎರಡು ಕತ್ತೆ.

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಹಾಗೇ ಅಂತಾರೆ."

"ನಾನು ಪತ್ರಿಕೇಲಿ ಬರಿಯೋನು! ಹೆಂಗಸರು ಧೈರ್ಯವಾಗಿ ಸೈಕಲ್ ಹೊಡೀಬೇಕು ಅಂತ ಬರೆದಿದ್ದೀನಿ!"

"ಬರಿ, ಯಾರು ಬೇಡ ಅಂದ್ರು? ಬರೆದು ಆಮೇಲೆ ಹಿಂದೆ ಯಾಕೆ ಬೀಳ್ತೀಯ?" ಅವನು ಮುಂದೆ ನಿಂತ ಇನ್ಶಿರಾಹ್‌ಗೆ ಕೈ ಎತ್ತಿದ. "ಅಮ್ಮಾ, ಒಂದು ನಿಮಿಷ! ಈ ಮನುಷ್ಯ ನಿಮಗೆ ಗೊತ್ತಾ?"

ಇನ್ಶಿರಾಹ್ ಒಂದು ಕಾಲು ನೆಲಕ್ಕೆ ಊರಿ ತಿರುಗಿದಳು. ನನ್ನ ಟೋಪಿಯಿಂದ ಬೂಟಿನವರೆಗೆ ನೋಡಿದಳು. ಮತ್ತೆ ಬೂಟಿನಿಂದ ಟೋಪಿಯವರೆಗೆ.

"ಇಲ್ಲಪ್ಪ," ಎಂದಳು. "ಬೆಳಗ್ಗೆಯಿಂದ ಹಿಂದೆಹಿಂದೆನೇ ಬರ್ತಿದ್ದಾನೆ. ಪಕ್ಕಕ್ಕೆ ಬಂದಿದ್ರೆ ಗುರುತು ಸಿಕ್ತಿತ್ತೇನೋ."

ಗಂಟೆ ಬಾರಿಸಿದಳು. ಹೋದಳು.

ನನ್ನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಅಲ್ಲಿಂದ ಇಡೀ ಕಾರ್ನಿಷ್ ಕಾಣುತ್ತದೆ. ನೀಲಿ ಸೈಕಲ್ ಸೇತುವೆ ಇಳಿದು ಬಲಕ್ಕೆ ತಿರುಗಿತು. ನಡುಹಗಲು. ಮರಗಳ ಕೆಳಗೆ, ಹೊಳೆಯ ಪಕ್ಕ, ಆ ತುದಿಯವರೆಗೂ. ಚಹಾದಂಗಡಿಯ ಮುಂದೆ ಹುಕ್ಕಾದವರೆಲ್ಲ ಎದ್ದು ನಿಂತದ್ದು ಅಷ್ಟು ದೂರಕ್ಕೂ ಕಂಡಿತು. ಅವಳು ನಿಲ್ಲಲಿಲ್ಲ. ಮಾತು ಕೊಟ್ಟವನು ಕುರ್ಚಿಯಲ್ಲಿ ಕೂತಿದ್ದ. ಮಾತು ತಾನೇ ಸೈಕಲ್ ಹೊಡೆದುಕೊಂಡು ನಡೆದುಹೋಯಿತು. ನಗಬೇಡಿ, ಆ ಕುರ್ಚಿಯಲ್ಲಿ ಕೂತು ನಾನು ಅತ್ತುಬಿಟ್ಟೆ.

ಅಷ್ಟರಲ್ಲಿ ನಮ್ಮವರ ಪಿಕಪ್ ಬಂತು. ಮುಂದೆ ತಫೀದಾ ಅತ್ತೆ. ನಾನು ಎಗರಿ ಎದ್ದೆ.

"ಅತ್ತೆ! ಹೇಳಿ ಅತ್ತೆ, ನಾನು ಯಾರೂಂತ!"

"ಅಜ್ಜಿ, ಈ ಮನುಷ್ಯ ಗೊತ್ತಾ?" ಪೇದೆ ಕೇಳಿದ.

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದಳು. "ಎಲ್ಲೋ ನೋಡಿದ ಹಾಗಿದೆ," ಎಂದಳು. "ರಜಬ್ ಶುಕ್ರವಾರ ನೋಡಪ್ಪ, ಎಂತೆಂಥವರೋ ಬಂದಿರ್ತಾರೆ." ಚಾಲಕನ ಭುಜ ತಟ್ಟಿದಳು. "ನಡಿಯೋ."

ಮಾಡಿದ್ದುಣ್ಣೋ ಮಹಾರಾಯ! ಪೇದೆ ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟ. "ಬರಿಯೋನು ಅಂದ್ಯಲ್ಲ, ಬರಿ." ನಾನು ಬರೆದೆ: "ಇನ್ನು ಮುಂದೆ ನಾನು ಯಾವ ಹೆಂಗಸಿನ ಹಿಂದೆಯೂ ಸೈಕಲ್ ಹೊಡೆಯುವುದಿಲ್ಲ." ಸಹಿ ಹಾಕಿದೆ. ಕಿಸೆಯಲ್ಲಿದ್ದ ರೊಟ್ಟಿಗಳನ್ನು ಅಮ್ಮನ ಹೆಸರಿನಲ್ಲಿ ಚೌಕಿಯವರಿಗೆಲ್ಲ ಹಂಚಿದೆ. ಬೇಡ ಅನ್ನಬಾರದು ಎಂದೆ. ಬಿಟ್ಟರು.

ಇಪ್ಪತ್ತು ವರ್ಷ ಬರೆದದ್ದರಲ್ಲಿ ನಾನು ಚಾಚೂ ತಪ್ಪದೆ ಪಾಲಿಸುತ್ತಿರುವುದು ಆ ಒಂದು ಸಾಲನ್ನು ಮಾತ್ರ. ಈಗ ಪ್ರತಿ ಶುಕ್ರವಾರ, ಹಾಡಹಗಲು, ಕಾರ್ನಿಷ್ ಮೇಲೆ, ಅವಳ ಪಕ್ಕದಲ್ಲೇ ಸೈಕಲ್ ಹೊಡೆಯುತ್ತೇನೆ. ಏದುಸಿರು ಬಿಡುತ್ತ, ಆದರೆ ಪಕ್ಕದಲ್ಲೇ! ಚಹಾದಂಗಡಿಯ ಮುಂದೆ ಬಂದಾಗಲೆಲ್ಲ ಹುಕ್ಕಾದವರಲ್ಲಿ ಒಬ್ಬ ತಪ್ಪದೆ ಕೂಗುತ್ತಾನೆ: "ಮೇಡಂ, ಪಕ್ಕದಲ್ಲಿರೋದು ಯಾರು?"

ಇನ್ಶಿರಾಹ್ ಗಂಟೆ ಬಾರಿಸಿ, ತಿರುಗಿಯೂ ನೋಡದೆ ಕೂಗಿ ಹೇಳುತ್ತಾಳೆ:

"ಇನ್ನೂ ವಿಚಾರಿಸ್ತಾ ಇದ್ದೀನಿ!"